ಆಂಟಿಹಿಸ್ಟಮಿನ್ ಔಷಧಗಳು: ಮುಂಬಯಿಯ ನೆಲೆಯಿಂದ ಒಂದು ಸಮೀಕ್ಷೆ

ಆಂಟಿಹಿಸ್ಟಮಿನ್ ಎಂದರೆ ದೇಹದೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕ ನಡೆಸುವ ಕೆಲಸವನ್ನು ತಡೆಯುವ ಔಷಧ. ಸೀನು, ಸೋರುವ ಮೂಗು, ಕಣ್ಣಿನ ತುರಿಕೆ, ಮೈಮೇಲೆ ಏಳುವ ಗಂಧೆ, ಹುಳ ಕಚ್ಚಿದ ನವೆ, ಬಸ್ಸು ಹಡಗುಗಳ ಪ್ರಯಾಣದಲ್ಲಿ ಬರುವ ವಾಂತಿ ಮೊದಲಾದವುಗಳಿಗೆ ಇದನ್ನು ಕೊಡುತ್ತಾರೆ. ಜನರ ಬಾಯಲ್ಲಿ ಇದು ‘ಅಲರ್ಜಿ ಮಾತ್ರೆ’. ಎಷ್ಟೋ ಮನೆಗಳಲ್ಲಿ ಬರೀ ‘ಅವಿಲ್’ ಅಥವಾ ‘ಸೆಟ್ರಿಜಿನ್’. ಮುಂಬಯಿ ನಗರ ಮತ್ತು ಉಪನಗರಗಳಿಗೆ ಈ ಔಷಧದೊಡನೆ ಎರಡು ಬಗೆಯ ನಂಟು. ಇಲ್ಲಿ ನೆಲೆಯೂರಿದ ಔಷಧ ಕಂಪನಿಗಳು ಇದನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದವು. ತೇವ, ದೂಳು, ಜಿರಲೆ, ಹೊಗೆಗಳ ನಡುವೆ ಬದುಕುವ ಇಲ್ಲಿನ ಜನರಿಗೆ ಇದು ಮನೆಯ ಡಬ್ಬಿಯಲ್ಲಿ ಸದಾ ಇರಬೇಕಾದ ಮಾತ್ರೆಯಾಯಿತು. ಅಲರ್ಜಿಯನ್ನು ಇದು ಬೇರುಸಹಿತ ಕೀಳುವುದಿಲ್ಲ. ತೊಂದರೆಗೆ ಹಿಸ್ಟಮಿನ್ನೇ ಕಾರಣವಾಗಿದ್ದರೆ ಬೇಗ ನೆಮ್ಮದಿ ಕೊಡುತ್ತದೆ; ಕಾರಣ ಬೇರೆಯಾಗಿದ್ದರೆ ತೂಕಡಿಕೆಯ ಹೊರತು ಇನ್ನೇನನ್ನೂ ಕೊಡದಿರಬಹುದು.

ಹಿಸ್ಟಮಿನ್

ಪ್ರೋಟೀನುಗಳಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲದಿಂದ ಹಿಸ್ಟಮಿನ್ ಹುಟ್ಟುತ್ತದೆ. ಜರ್ಮನಿಯ ಅಡಾಲ್ಫ್ ವಿಂಡಾಸ್ ಮತ್ತು ಫೋಗ್ಟ್ 1907ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಲಂಡನ್ನಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ 1910ರಿಂದೀಚೆಗೆ ಪ್ರಾಣಿಗಳಲ್ಲಿ ಇದರ ಪರಿಣಾಮಗಳನ್ನು ವಿವರಿಸಿದರು: ರಕ್ತನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ತಾಜಾ ಶ್ವಾಸಕೋಶ ಮತ್ತು ಯಕೃತ್ತಿನಿಂದ ಇದನ್ನು ಬೇರ್ಪಡಿಸಿದ್ದು 1927ರಲ್ಲಿ. ದೇಹದ ಊತಕಗಳಲ್ಲೇ ಇರುವುದರಿಂದ, ಊತಕಕ್ಕೆ ಗ್ರೀಕಿನಲ್ಲಿರುವ ‘ಹಿಸ್ಟೋಸ್’ ಎಂಬ ಪದ ಇದರ ಹೆಸರಿಗೆ ಒಪ್ಪುವಂತಿದೆ.

ಚರ್ಮ, ಮೂಗು, ಶ್ವಾಸಕೋಶ, ಕರುಳುಗಳಲ್ಲಿ ಹರಡಿಕೊಂಡಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ನನ್ನು ಸಣ್ಣ ಸಣ್ಣ ಕಣಗಳಲ್ಲಿ ಕೂಡಿಟ್ಟುಕೊಂಡಿರುತ್ತವೆ. ಅಲರ್ಜಿ ಇರುವವರ ದೇಹ ಹುಡಿ ನುಸಿಯ ಕಸಕ್ಕೋ ಪರಾಗಕ್ಕೋ ವಿರುದ್ಧವಾಗಿ ಐಜಿಇ ಎಂಬ ಪ್ರತಿಕಾಯವನ್ನು ಮಾಡಿಟ್ಟಿರುತ್ತದೆ. ಅದು ಈ ಕೋಶಗಳ ಮೈಗೆ ಅಂಟಿ ಕಾದಿರುತ್ತದೆ. ಒಗ್ಗದ ಪದಾರ್ಥ ಮತ್ತೆ ಒಳಬಂದು ಐಜಿಇಗೆ ತಗುಲಿದ ಕೂಡಲೇ ಕಣಗಳು ಒಡೆದು ಹಿಸ್ಟಮಿನ್ ಹೊರಚೆಲ್ಲುತ್ತದೆ. ಮೂಗಿನಲ್ಲಾದರೆ ಸೀನು, ಚರ್ಮದಲ್ಲಾದರೆ ಗಂಧೆ. ಇಷ್ಟೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಔಷಧ ಕೆಲಸ ಮಾಡುವ ಬಗೆ

ಹಿಸ್ಟಮಿನ್ ತನ್ನ ಪರಿಣಾಮ ತೋರಿಸಬೇಕಾದರೆ ಕೋಶಗಳ ಮೇಲಿರುವ ಗ್ರಾಹಕಗಳಿಗೆ ಕೂಡಿಕೊಳ್ಳಬೇಕು. ಈ ಗ್ರಾಹಕಗಳಲ್ಲಿ ನಾಲ್ಕು ಬಗೆ. ಎಚ್1 ಅಲರ್ಜಿಯ ಲಕ್ಷಣಗಳಿಗೂ ಮಿದುಳಿನ ಎಚ್ಚರಕ್ಕೂ ಕಾರಣ. ಎಚ್2 ಜಠರದಲ್ಲಿ ಆಮ್ಲ ಸುರಿಸುತ್ತದೆ. ಎಚ್3 ಮುಖ್ಯವಾಗಿ ನರಮಂಡಲದಲ್ಲಿ, ಎಚ್4 ಬಹುತೇಕ ರಕ್ಷಣಾ ಕೋಶಗಳಲ್ಲಿ ಇರುತ್ತವೆ. ಸುಮ್ಮನೆ ಆಂಟಿಹಿಸ್ಟಮಿನ್ ಎಂದಾಗ ಎಚ್1ನ್ನು ತಡೆಯುವ ಔಷಧ ಎಂದೇ ಅರ್ಥ. ಇವು ಗ್ರಾಹಕವನ್ನು ಹಿಡಿದು ಅದರ ನಿಷ್ಕ್ರಿಯ ಸ್ಥಿತಿಯಲ್ಲೇ ನಿಲ್ಲಿಸುತ್ತವೆ. ಈಗಾಗಲೇ ಕೂಡಿಕೊಂಡು ಕೆಲಸ ಮುಗಿಸಿದ ಹಿಸ್ಟಮಿನ್ನನ್ನು ಅಳಿಸುವುದು ಇವಕ್ಕೆ ಸಾಧ್ಯವಿಲ್ಲ. ಆದ್ದರಿಂದಲೇ ಇಂಥ ದೂಳಿಗೆ ಹೋದರೆ ಸೀನು ಗ್ಯಾರಂಟಿ ಎಂದು ಗೊತ್ತಿದ್ದವರು ಮಾತ್ರೆಯನ್ನು ಮೊದಲೇ ತೆಗೆದುಕೊಂಡರೆ ಹೆಚ್ಚು ಪ್ರಯೋಜನ.

ಚರಿತ್ರೆ

ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್‌ಮರಿ ಸ್ಟೌಬ್ 1937ರಲ್ಲಿ ಹಿಸ್ಟಮಿನ್ನಿನ ಮಾರಕ ಪ್ರಮಾಣದಿಂದ ಗಿನಿಯಿಲಿಗಳನ್ನು ಉಳಿಸಬಲ್ಲ ಮೊದಲ ಸಂಯುಕ್ತವನ್ನು ಕಂಡರು. ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿತ್ತು. ರೋಗಿಗಳಿಗೆ ಕೊಡಬಹುದಾದ ಮೊದಲ ಔಷಧ ಆಂಟರ್ಗನ್ 1942ರಲ್ಲಿ ಬಂತು. ಎರಡು ವರ್ಷದಲ್ಲಿ ಮೆಪಿರಮಿನ್. ಅಮೆರಿಕದ ಸಿನ್ಸಿನಾಟಿಯಲ್ಲಿ ಜಾರ್ಜ್ ರೀವ್‌ಷೆಲ್ 1943ರಲ್ಲಿ ತಯಾರಿಸಿದ ಡೈಫೆನ್‌ಹೈಡ್ರಮಿನ್ ‘ಬೆನಡ್ರಿಲ್’ ಹೆಸರಿನಲ್ಲಿ 1946ರಲ್ಲಿ ಮಾರುಕಟ್ಟೆಗಿಳಿಯಿತು. ಪ್ರೊಮೆಥಜಿನ್, ಕ್ಲೋರ್‌ಫೆನಿರಮಿನ್ ಅದೇ ದಶಕದವು. ಬೊವೆಗೆ 1957ರಲ್ಲಿ ನೊಬೆಲ್ ಬಹುಮಾನ ಬಂತು.

ಈ ಹುಡುಕಾಟದಿಂದ ಅನಿರೀಕ್ಷಿತ ಕವಲುಗಳೂ ಒಡೆದವು. ಪ್ರೊಮೆಥಜಿನ್ ಕೊಟ್ಟ ರೋಗಿಗಳು ಶಸ್ತ್ರಚಿಕಿತ್ಸೆಗೆ ಮುನ್ನ ವಿಚಿತ್ರ ನಿರಾಳತೆ ತೋರಿದ್ದನ್ನು ಫ್ರೆಂಚ್ ಶಸ್ತ್ರವೈದ್ಯ ಆನ್ರಿ ಲಾಬೊರಿ ಗಮನಿಸಿದ. ಆ ಜಾಡಿನಲ್ಲೇ 1950ರಲ್ಲಿ ಕ್ಲೋರ್‌ಪ್ರೊಮಜಿನ್ ಹುಟ್ಟಿ ಮನೋರೋಗಗಳ ಚಿಕಿತ್ಸೆಯನ್ನೇ ಬದಲಿಸಿತು. ಹೊಟ್ಟೆಯ ಹುಣ್ಣಿಗೆ ಬೇಕಾದದ್ದು ಎಚ್2 ತಡೆ ಎಂದು ಜೇಮ್ಸ್ ಬ್ಲ್ಯಾಕ್ ತೋರಿಸಿದ. ಅವನ ಶ್ರಮದಿಂದ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನ ಪೇಟೆಗೆ ಬಂತು, 1988ರಲ್ಲಿ ನೊಬೆಲ್ ಬಂತು. ನಂತರ ಬಂದ ರ‍್ಯಾನಿಟಿಡಿನ್ ಭಾರತದಲ್ಲಿ ಮನೆಮಾತಾಗಿತ್ತು. ಅದರಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಕಶ್ಮಲದ ಪ್ರಶ್ನೆ 2019ರಲ್ಲಿ ಎದ್ದಿತು. 2022ರಲ್ಲಿ ಅದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಿಂದ ಹೊರಬಿತ್ತು.

ಎರಡು ತಲೆಮಾರು

ಮೊದಲ ತಲೆಮಾರಿನವು ಫೆನಿರಮಿನ್, ಕ್ಲೋರ್‌ಫೆನಿರಮಿನ್, ಪ್ರೊಮೆಥಜಿನ್, ಡೈಫೆನ್‌ಹೈಡ್ರಮಿನ್, ಹೈಡ್ರಾಕ್ಸಿಜಿನ್, ಸೈಪ್ರೊಹೆಪ್ಟಡಿನ್ ಮುಂತಾದವು. ಕೊಬ್ಬಿನಲ್ಲಿ ಸಲೀಸಾಗಿ ಕರಗುವುದರಿಂದ ಮಿದುಳಿನ ರಕ್ಷಾಪೊರೆಯನ್ನು ದಾಟಿ ಹೋಗಿ ಎಚ್ಚರ ಕಾಯುವ ಗ್ರಾಹಕಗಳನ್ನೂ ಮುಚ್ಚುತ್ತವೆ. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕವನ್ನೂ ತಡೆಯುವುದರಿಂದ ಬಾಯಿ ಒಣಗುತ್ತದೆ, ಮೂತ್ರ ಕಟ್ಟಬಹುದು. ಪ್ರಯಾಣದ ವಾಂತಿಗೆ ಈ ಹಳೆಯವೇ ನಾಟುವುದಕ್ಕೂ ಇದೇ ಕಾರಣ.

ಎರಡನೆಯ ತಲೆಮಾರಿನ ಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್‌ಗಳು ಮಿದುಳಿಗೆ ಹೋಗುವುದು ಕಡಿಮೆ. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿರುವ ಪಂಪು ಫೆಕ್ಸೊಫೆನಡಿನ್ನನ್ನು ಒಳಬಿಡದೆ ಹೊರತಳ್ಳುತ್ತದೆ. ಸೆಟ್ರಿಜಿನ್ 10 ಮಿಲಿಗ್ರಾಂ ದಿನಕ್ಕೆ ಒಂದೇ ಸಲ ಸಾಕು. ಕ್ಲೋರ್‌ಫೆನಿರಮಿನ್ 4 ಮಿಲಿಗ್ರಾಮನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ನುಂಗಬೇಕಿತ್ತು. ಆದರೂ ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ.

ಈ ತಲೆಮಾರಿನ ಮೊದಲ ಹೆಸರುಗಳಲ್ಲಿ ಒಂದಾದ ಟರ್ಫೆನಡಿನ್‌ನ ಕತೆ ಔಷಧಶಾಸ್ತ್ರದ ಪಾಠವಾಗಿ ಉಳಿದಿದೆ. ಎರಿಥ್ರೊಮೈಸಿನ್, ಕೀಟೊಕೊನಜೋಲ್‌ಗಳ ಜೊತೆ ಅದನ್ನು ತೆಗೆದುಕೊಂಡರೆ ಯಕೃತ್ತು ಅದನ್ನು ಒಡೆಯಲಾರದೆ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತ ಅಪಾಯಕರವಾಗಿ ತಪ್ಪುತ್ತಿತ್ತು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಅದನ್ನು ಹಿಂದಕ್ಕೆ ಪಡೆದರು. ಯಕೃತ್ತು ಅದನ್ನು ಒಡೆದಾಗ ಸಿಗುವ ವಸ್ತುವೇ ಫೆಕ್ಸೊಫೆನಡಿನ್. ಹೃದಯಕ್ಕೆ ಆ ಅಪಾಯವಿಲ್ಲದ ಅದು 1996ರಲ್ಲಿ ಔಷಧವಾಗಿ ಬಂದಿತ್ತು. ಸೆಟ್ರಿಜಿನ್ ಕೂಡ ಹೀಗೆಯೇ ಹಳೆಯ ಹೈಡ್ರಾಕ್ಸಿಜಿನ್‌ನಿಂದ ದೇಹ ತಾನಾಗಿ ಮಾಡಿಕೊಳ್ಳುವ ಪದಾರ್ಥ.

ಮುಂಬಯಿಯಲ್ಲಿ ತಯಾರಿಕೆ

ಜರ್ಮನಿಯ ಹೆಕ್ಸ್ಟ್ ಕಂಪನಿಯ ಭಾರತೀಯ ಶಾಖೆ 1956ರಲ್ಲಿ ಹೆಕ್ಸ್ಟ್ ಫೆಡ್ಕೊ ಫಾರ್ಮಾ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಮುಲುಂಡ್ ಅದರ ನೆಲೆಯಾಗಿತ್ತು. ಫೆನಿರಮಿನ್ ಔಷಧವನ್ನು ‘ಅವಿಲ್’ ಹೆಸರಿನಲ್ಲಿ ಊರೂರಿನ ಮೆಡಿಕಲ್ ಅಂಗಡಿಗೆ ಮುಟ್ಟಿಸಿದ್ದು ಇದೇ ಪರಂಪರೆ. ಹೆಕ್ಸ್ಟ್ ಮುಂದೆ ಅವೆಂಟಿಸ್ ಆಗಿ, ಅವೆಂಟಿಸ್ ಸನೋಫಿ ಆಯಿತು. ಫೆಕ್ಸೊಫೆನಡಿನ್‌ನ ‘ಅಲೆಗ್ರಾ’ ಕೂಡ ಇದೇ ವಂಶದ್ದು. ಟ್ರೈಪೆಲೆನಮಿನ್, ಆಂಟಜೋಲಿನ್ ಎಂಬ ಆರಂಭಕಾಲದ ಆಂಟಿಹಿಸ್ಟಮಿನ್‌ಗಳನ್ನು ಕೊಟ್ಟ ಸ್ವಿಸ್ ಕಂಪನಿ ಸಿಬಾ ಗೋರೆಗಾಂವ್‌ನಲ್ಲಿ ಕಟ್ಟಿದ ಸಂಶೋಧನಾ ಕೇಂದ್ರವನ್ನು 1963ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು.

ದೇಶೀ ಕಂಪನಿಗಳಿಗೆ ಬಾಗಿಲು ತೆರೆದದ್ದು 1970ರ ಪೇಟೆಂಟ್ ಕಾಯ್ದೆ. 1972ರಿಂದ ಜಾರಿಯಾದ ಈ ಕಾಯ್ದೆ ಔಷಧದ ತಯಾರಿಕೆಯ ವಿಧಾನಕ್ಕಷ್ಟೇ ಪೇಟೆಂಟ್ ಕೊಟ್ಟಿತು, ಔಷಧಕ್ಕೆ ಕೊಡಲಿಲ್ಲ. ಬೇರೆ ದಾರಿಯಲ್ಲಿ ಅದೇ ಪದಾರ್ಥವನ್ನು ಮಾಡಿ ಮಾರಲು ಇದರಿಂದ ಅಡ್ಡಿಯಿಲ್ಲದಾಯಿತು. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಸಿಪ್ಲಾ ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡ ಕಂಪನಿ. 1987ರಲ್ಲಿ ಬೆಲ್ಜಿಯಂನಲ್ಲಿ ಮಾರುಕಟ್ಟೆಗೆ ಬಂದ ಸೆಟ್ರಿಜಿನ್ ಭಾರತದಲ್ಲಿ ಹತ್ತಾರು ಹೆಸರುಗಳಲ್ಲಿ, ಕೂಲಿಯವರ ಕೈಗೂ ಎಟಕುವ ಬೆಲೆಯಲ್ಲಿ ಸಿಕ್ಕಿದ್ದು ಈ ಹಿನ್ನೆಲೆಯಲ್ಲಿ. ಸಿಪ್ಲಾದ ‘ಓಕಾಸೆಟ್’ ಅವುಗಳಲ್ಲೊಂದು. ಔಷಧಕ್ಕೇ ಪೇಟೆಂಟ್ ಕೊಡುವ ಪದ್ಧತಿ 2005ರಲ್ಲಿ ಮರಳಿ ಬಂತು.

ನಕಲಿನಿಂದ ಮುಂದಕ್ಕೆ ಹೆಜ್ಜೆಯಿಟ್ಟ ಉದಾಹರಣೆಯೂ ಇಲ್ಲಿದೆ. 1977ರಲ್ಲಿ ಆರಂಭವಾಗಿ ಅಂಧೇರಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಗ್ಲೆನ್‌ಮಾರ್ಕ್ ಕಂಪನಿ ಓಲೊಪಟಡಿನ್ ಎಂಬ ಆಂಟಿಹಿಸ್ಟಮಿನ್ ಮತ್ತು ಮೊಮೆಟಸೋನ್ ಎಂಬ ಸ್ಟೀರಾಯ್ಡ್ ಕೂಡಿದ ‘ರಯಾಲ್ಟ್ರಿಸ್’ ಮೂಗಿನ ಸ್ಪ್ರೇಯನ್ನು ರೂಪಿಸಿತು. ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ 2022ರ ಜನವರಿಯಲ್ಲಿ ಸಿಕ್ಕಿತು.

ಬಳಕೆಗಳು

ಮೂಗು ಮತ್ತು ಕಣ್ಣು: ಅಲರ್ಜಿಯ ನೆಗಡಿ ಈ ಔಷಧದ ಅತಿ ದೊಡ್ಡ ಬಳಕೆ. ಶೀತ ದೇಶಗಳಲ್ಲಿ ಹುಲ್ಲು ಮರಗಳ ಪರಾಗದ ಋತುವಿಗೆ ತಕ್ಕಂತೆ ಮಾತ್ರೆಯ ಮಾರಾಟ ಏರುತ್ತದೆ. ಸಮುದ್ರ ಸುತ್ತುವರಿದ ಮುಂಬಯಿಯಲ್ಲಿ ವರ್ಷವಿಡೀ ತೇವ. ಹಾಸಿಗೆ ದಿಂಬುಗಳಲ್ಲಿ ಬದುಕುವ ಕಣ್ಣಿಗೆ ಕಾಣದ ಹುಡಿ ನುಸಿಗಳಿಗೆ ಈ ಹವೆ ಹೇಳಿ ಮಾಡಿಸಿದ್ದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಚಾಳಿನ ಒಂದು ಕೋಣೆಯ ಮನೆಯಲ್ಲಿ ಬಟ್ಟೆ ಹಗ್ಗದ ಮೇಲೆಯೇ ಮುಗ್ಗುತ್ತದೆ, ಗೋಡೆಗೆ ಬೂಷ್ಟು ಹತ್ತುತ್ತದೆ, ಒಳಗೆ ಜಿರಲೆ ಸೇರುತ್ತದೆ. ನುಸಿ, ಬೂಷ್ಟು, ಜಿರಲೆ ಮೂರೂ ಹೆಸರಾಂತ ಅಲರ್ಜಿಕಾರಕಗಳು. ಸೀನು, ತುರಿಕೆ, ಸೋರಿಕೆಗೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಟ್ಟಿದ ಮೂಗಿಗೆ ಅಷ್ಟಾಗಿ ಅಲ್ಲ. ಮೂಗು ಕಟ್ಟುವುದೇ ಮುಖ್ಯ ತೊಂದರೆಯಾದರೆ ಮೂಗಿಗೆ ಹೊಡೆದುಕೊಳ್ಳುವ ಸ್ಟೀರಾಯ್ಡ್ ಸ್ಪ್ರೇ ಮೇಲು. ಕಣ್ಣಿನ ತುರಿಕೆಗೆ ಓಲೊಪಟಡಿನ್ ಹನಿಗಳಿವೆ.

ಗಂಧೆ: ಕರಾವಳಿಯ ಕನ್ನಡಿಗರು ‘ಪಿತ್ತದ ಗಂಧೆ’ ಎನ್ನುವುದನ್ನೇ ಮುಂಬಯಿಯ ಮರಾಠಿಗರು ‘ಪಿತ್ತ’ ಎದ್ದಿದೆ ಎನ್ನುತ್ತಾರೆ. ಮದ್ದಿನಲ್ಲೂ ಹೊಂದಾಣಿಕೆಯಿದೆ: ಮರಾಠಿಗರು ಕೋಕಂ ಎನ್ನುವ, ಕರಾವಳಿಯವರು ಪುನರ್ಪುಳಿ ಎನ್ನುವ ಹಣ್ಣಿನ ಸಿಪ್ಪೆ ನೆನೆಸಿದ ನೀರನ್ನು ಮೈಗೆ ಸವರುವುದು ಎರಡೂ ಕಡೆಯ ರೂಢಿ. ವೈದ್ಯಶಾಸ್ತ್ರದಲ್ಲಿ ಇದು ಅರ್ಟಿಕೇರಿಯಾ. ಪಿತ್ತಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ. ಆರು ವಾರ ದಾಟಿದರೆ ದೀರ್ಘಕಾಲದ್ದೆಂದು ಲೆಕ್ಕ. ಅಂಥವರಿಗೆ ಎರಡನೆಯ ತಲೆಮಾರಿನ ಔಷಧವನ್ನು ದಿನವೂ ಕೊಡುತ್ತಾರೆ. ಬಗ್ಗದಿದ್ದರೆ ಚರ್ಮತಜ್ಞರು ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ಇದನ್ನು ರೋಗಿ ತಾನಾಗಿ ಮಾಡಿಕೊಳ್ಳುವಂತಿಲ್ಲ.

ಮೀನಿನ ಹಿಸ್ಟಮಿನ್: ಬಂಗುಡೆ, ಸೂರೆ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಹೆಚ್ಚು. ಸಸೂನ್ ಡಾಕಿನಲ್ಲೋ ಭಾವುಚಾ ಧಕ್ಕಾದಲ್ಲೋ ಇಳಿದ ಮೀನು ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಆ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಮೀನು ವಾಸನೆ ಬಾರದೆ ಚೆನ್ನಾಗಿಯೇ ಕಾಣಬಹುದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಹೊಡೆದುಕೊಂಡು, ಗಂಧೆ ಏಳುತ್ತದೆ. ಆಂಟಿಹಿಸ್ಟಮಿನ್ ಕೊಟ್ಟರೆ ಬೇಗ ಇಳಿಯುತ್ತದೆ. ಇದು ಅಲರ್ಜಿಯಲ್ಲ, ಹೊರಗಿನಿಂದ ಬಂದ ಹಿಸ್ಟಮಿನ್ನಿನ ವಿಷಪ್ರಭಾವ. ‘ನನಗೆ ಬಂಗುಡೆ ಆಗುವುದಿಲ್ಲ’ ಎಂದು ಒಂದೇ ಅನುಭವದಿಂದ ಬಿಟ್ಟವರಲ್ಲಿ ಕೆಲವರಿಗೆ ಆಗದೆ ಇದ್ದದ್ದು ಬಂಗುಡೆಯಲ್ಲ, ಅದು ಮಂಜುಗಡ್ಡೆಯಿಲ್ಲದೆ ಕಳೆದ ಹೊತ್ತು. ಮೀನಿನಲ್ಲಿ ಹಿಸ್ಟಮಿನ್ ಕಿಲೋಗೆ 200 ಮಿಲಿಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಆಹಾರ ಸಂಹಿತೆ ಹೇಳುತ್ತದೆ.

ಪ್ರಯಾಣ ಮತ್ತು ತಲೆಸುತ್ತು: ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ತೆರೆಯುವ ಮುನ್ನ ಮುಂಬಯಿಯಿಂದ ಉಡುಪಿ ಮಂಗಳೂರಿಗೆ ಹೋಗುವವರ ಪಾಡು ಹೆಚ್ಚಾಗಿ ಘಾಟಿ ರಸ್ತೆಯ ಬಸ್ಸು. ತಿರುವುಗಳಲ್ಲಿ ಹೊಟ್ಟೆ ತೊಳಸುವವರ ಚೀಲದಲ್ಲಿ ಲಿಂಬೆಹಣ್ಣಿನ ಪಕ್ಕ ಪ್ರೊಮೆಥಜಿನ್‌ನ ‘ಅವೊಮಿನ್’ ಮಾತ್ರೆಗೂ ಜಾಗವಿತ್ತು. ಬಸ್ಸು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಿದರೆ ಇದು ಕೆಲಸ ಮಾಡುತ್ತದೆ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ತಲೆಸುತ್ತಿಗೆ ಸಿನ್ನರಿಜಿನ್ ಕೊಡುತ್ತಾರೆ. ಇದೇ ಕಾಯಿಲೆಗೆ ಬರೆದುಕೊಡುವ ಬೀಟಾಹಿಸ್ಟಿನ್ ಮಾತ್ರ ಆಂಟಿಹಿಸ್ಟಮಿನ್ ಅಲ್ಲ, ಹಿಸ್ಟಮಿನ್ನನ್ನೇ ಹೋಲುವ ಪದಾರ್ಥ.

ಉಳಿದವು: ಬಸುರಿಯರ ಬೆಳಗಿನ ವಾಕರಿಕೆಗೆ ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಜೋಡಿ, ವಿಪರೀತ ತುರಿಕೆಯಿಂದ ನಿದ್ದೆಗೆಟ್ಟವರಿಗೆ ಹೈಡ್ರಾಕ್ಸಿಜಿನ್. ಸೈಪ್ರೊಹೆಪ್ಟಡಿನ್ ಸೆರಟೋನಿನ್ನನ್ನೂ ತಡೆದು ಹಸಿವು ಹೆಚ್ಚಿಸುವುದರಿಂದ ಮಕ್ಕಳ ‘ಹಸಿವಿನ ಸಿರಪ್ಪು’ಗಳಲ್ಲಿ ಸೇರಿಕೊಂಡಿದೆ.

ನಾಟದ ಕಡೆ

ಸಾಮಾನ್ಯ ನೆಗಡಿ ವೈರಸ್ಸಿನದು. ಹಳೆಯ ಆಂಟಿಹಿಸ್ಟಮಿನ್ ಮೂಗಿನ ಸೋರಿಕೆಯನ್ನು ಸ್ವಲ್ಪ ಒಣಗಿಸಬಹುದು. ನೆಗಡಿಯ ದಿನಗಳನ್ನು ಕಡಿಮೆ ಮಾಡುವುದಿಲ್ಲ. ಆಸ್ತಮಾದಲ್ಲಿ ಬೇರೆ ರಾಸಾಯನಿಕಗಳ ಕೈವಾಡ ಹೆಚ್ಚಾದ್ದರಿಂದ ಇನ್‌ಹೇಲರ್‌ಗೆ ಇದು ಬದಲಿಯಲ್ಲ. ಚಳಿಗಾಲದ ಹೊಗೆಮಂಜು, ಕಟ್ಟಡ ಕಾಮಗಾರಿಯ ದೂಳಿನಿಂದ ಬರುವ ಕೆಮ್ಮು ಬಹುಪಾಲು ಉರಿಕೆಯೇ ಹೊರತು ಅಲರ್ಜಿಯಲ್ಲ.

ಪಾರಿವಾಳಗಳಿಗೆ ಕಾಳು ಹಾಕುವ ದಾದರಿನ ಕಬೂತರಖಾನೆಯನ್ನು 2025ರಲ್ಲಿ ಮುಚ್ಚಿದಾಗ ಎದ್ದ ವಿವಾದದ ಕೇಂದ್ರದಲ್ಲಿದ್ದದ್ದು ಪಾರಿವಾಳದ ಹಿಕ್ಕೆ ಮತ್ತು ಗರಿಯ ದೂಳಿನಿಂದ ಬರುವ ಶ್ವಾಸಕೋಶದ ಉರಿಯೂತ. ‘ಪಾರಿವಾಳದ ಅಲರ್ಜಿ’ ಎಂದು ಕರೆದರೂ ಅದು ಐಜಿಇ ದಾರಿಯಲ್ಲಿ ನಡೆಯುವುದಿಲ್ಲ. ವರ್ಷಗಟ್ಟಲೆ ಸೆಟ್ರಿಜಿನ್ ನುಂಗಿದರೂ ಶ್ವಾಸಕೋಶ ಗಟ್ಟಿಯಾಗುವುದು ನಿಲ್ಲದು. ಹಕ್ಕಿಯಿಂದ ದೂರವಿರುವುದೇ ಮೊದಲ ಚಿಕಿತ್ಸೆ. ಗಿರಣಗಾಂವದ ಹತ್ತಿಗಿರಣಿ ಕಾರ್ಮಿಕರಿಗೆ ವಾರದ ರಜೆ ಮುಗಿಸಿ ಬಂದ ದಿನ ಎದೆ ಬಿಗಿಯುತ್ತಿದ್ದ ಬಿಸಿನೋಸಿಸ್ ರೋಗವನ್ನು ಪರೇಲಿನ ಕೆಇಎಂ ಆಸ್ಪತ್ರೆಯ ಎಸ್. ಆರ್. ಕಾಮತ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದರು. ಹತ್ತಿಯ ದೂಳು ಶ್ವಾಸಕೋಶದಲ್ಲಿ ಹಿಸ್ಟಮಿನ್ ಹೊರಬೀಳಿಸುತ್ತದೆಂದು ಪ್ರಯೋಗಗಳು ತೋರಿಸಿದ್ದವು. ಹಾಗಿದ್ದರೂ ಆ ರೋಗಕ್ಕೆ ಬೇಕಾದ ಪರಿಹಾರ ಮಾತ್ರೆಯಾಗಿರಲಿಲ್ಲ, ದೂಳು ಹೀರುವ ಯಂತ್ರವಾಗಿತ್ತು.

ಎಲ್ಲಕ್ಕಿಂತ ಅಪಾಯದ ತಪ್ಪು ಅನಾಫಿಲಾಕ್ಸಿಸ್‌ನಲ್ಲಿ ಆಗುತ್ತದೆ. ಜೇನು ಕಚ್ಚಿ, ಇಂಜೆಕ್ಷನ್ ಒಗ್ಗದೆ ಅಥವಾ ಶೇಂಗಾ ತಿಂದು ಉಸಿರು ಕಟ್ಟಿ ರಕ್ತದೊತ್ತಡ ಕುಸಿದಾಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್, ದೊಡ್ಡವರಿಗೆ 0.5 ಮಿಲಿಗ್ರಾಂ. ಅವಿಲ್ ಇಂಜೆಕ್ಷನ್ ತುರಿಕೆ ಇಳಿಸಬಹುದು, ಬಿದ್ದ ರಕ್ತದೊತ್ತಡವನ್ನು ಎತ್ತದು. ಪರೇಲಿನ ಹಾಫ್ಕಿನ್ ಸಂಸ್ಥೆಗೆ ಹೆಸರು ತಂದ ಹಾವಿನ ವಿಷದ ಪ್ರತಿವಿಷ ಕುದುರೆಯ ರಕ್ತದಿಂದ ಬರುವುದರಿಂದ ಇಂಥ ಪ್ರತಿಕ್ರಿಯೆ ಅಪರೂಪವಲ್ಲ. ಪ್ರತಿವಿಷಕ್ಕೆ ಮೊದಲೇ ಆಂಟಿಹಿಸ್ಟಮಿನ್ ಕೊಡುವ ರೂಢಿಯಿತ್ತು. ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಲ್ಪ ಪ್ರಮಾಣದ ಅಡ್ರಿನಲಿನ್ ರಕ್ಷಣೆ ಕೊಟ್ಟಿತು, ಪ್ರೊಮೆಥಜಿನ್ ಕೊಡಲಿಲ್ಲ.

ಅಡ್ಡ ಪರಿಣಾಮ ಮತ್ತು ಎಚ್ಚರ

ಹಳೆಯ ಔಷಧ ರಾತ್ರಿ ನುಂಗಿದರೂ ಮರುದಿನ ಬೆಳಿಗ್ಗೆ ಗಮನ ಮಂದವಾಗಿರಬಹುದು. ರಿಕ್ಷಾ, ಟ್ಯಾಕ್ಸಿ, ಬೈಕು ನಡೆಸುವವರಿಗೂ, ಯಂತ್ರದ ಮುಂದೆ ನಿಲ್ಲುವವರಿಗೂ ಫೆಕ್ಸೊಫೆನಡಿನ್‌ನಂಥವೇ ಕ್ಷೇಮ. ಅದನ್ನು ಕಿತ್ತಳೆ, ಸೇಬು ರಸದ ಜೊತೆ ನುಂಗಿದರೆ ಹೀರಿಕೆ ಕುಗ್ಗುತ್ತದೆ, ನೀರೇ ಸರಿ. ಮದ್ಯದೊಡನೆ ತೂಕಡಿಕೆ ಇಮ್ಮಡಿಸುತ್ತದೆ. ಪ್ರಾಸ್ಟೇಟ್ ಊದಿದವರು, ಗ್ಲಾಕೊಮಾ ಇರುವವರು, ವಯಸ್ಸಾದವರು ಮೊದಲ ತಲೆಮಾರಿನವನ್ನು ದೂರ ಇಡುವುದು ಒಳ್ಳೆಯದು. ಮೂತ್ರಪಿಂಡ ಸೋತವರಿಗೆ ಸೆಟ್ರಿಜಿನ್ ಪ್ರಮಾಣ ಇಳಿಸಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಸಲ್ಲದು. ಚರ್ಮದ ಅಲರ್ಜಿ ಪರೀಕ್ಷೆಗೆ ಮುನ್ನ ಸುಮಾರು ಒಂದು ವಾರ ಮಾತ್ರೆ ನಿಲ್ಲಿಸದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ದೀರ್ಘಕಾಲ ದಿನವೂ ಸೆಟ್ರಿಜಿನ್ ನುಂಗಿ ಒಮ್ಮೆಲೇ ಬಿಟ್ಟ ಕೆಲವರಿಗೆ ತೀವ್ರ ತುರಿಕೆ ಬರುತ್ತದೆಂದು ಅಮೆರಿಕದ ಎಫ್‌ಡಿಎ 2025ರಲ್ಲಿ ಎಚ್ಚರಿಸಿತು.

ಕಾನೂನು ಮತ್ತು ಮಾರಾಟ

ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಸೆಟ್ರಿಜಿನ್ ಮತ್ತು ಫೆನಿರಮಿನ್ ಇವೆ. ಆ ಪಟ್ಟಿಯ ಔಷಧಗಳಿಗೆ ಸರಕಾರ ಗರಿಷ್ಠ ಬೆಲೆ ಕಟ್ಟುತ್ತದೆ. ಹಲವು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸುವ ಚಾಳಿಗೆ ಆಗಾಗ ಕಡಿವಾಣ ಬಿದ್ದಿದೆ. ನಶೆಗಾಗಿ ದುರ್ಬಳಕೆಯಾಗುವ ಕೊಡೀನ್ ಜೊತೆ ಕ್ಲೋರ್‌ಫೆನಿರಮಿನ್ ಬೆರೆತ ಸಿರಪ್ 2023ರಲ್ಲಿ ನಿಷೇಧಿಸಿದ 14 ಮಿಶ್ರಣಗಳಲ್ಲಿ ಸೇರಿತ್ತು. 2024ರಲ್ಲಿ ನಿಷೇಧಿಸಿದ 156ರಲ್ಲಿ ಸೆಟ್ರಿಜಿನ್, ಪ್ಯಾರಸಿಟಮಾಲ್, ಫಿನೈಲೆಫ್ರಿನ್‌ಗಳ ಕೂಟವಿತ್ತು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಮುದ್ರಿಸುವಂತೆ 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದರು. ಸಿರಪ್ಪಿನ ವಿಷಯದಲ್ಲಿ ದ್ರಾವಕದ ಶುದ್ಧಿಯೂ ಔಷಧದಷ್ಟೇ ಮುಖ್ಯ. ಡೈಎಥಿಲಿನ್ ಗ್ಲೈಕಾಲ್ ಬೆರೆತ ಗ್ಲಿಸರಿನ್‌ನಿಂದ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತ 1986ರ ದುರಂತ ಮತ್ತು ಅದನ್ನು ವಿಚಾರಿಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಇದನ್ನು ಮನದಟ್ಟು ಮಾಡಿದವು.

1945ರ ಔಷಧ ನಿಯಮಗಳ ‘ಜಿ’ ಪರಿಶಿಷ್ಟದಲ್ಲಿ ಹಳೆಯ ಆಂಟಿಹಿಸ್ಟಮಿನ್‌ಗಳ ಹೆಸರುಗಳಿವೆ. ವೈದ್ಯರ ನಿಗಾ ಇಲ್ಲದೆ ಸೇವಿಸುವುದು ಅಪಾಯಕರ ಎಂಬ ಎಚ್ಚರಿಕೆ ಇವುಗಳ ಹೊದಿಕೆಯ ಮೇಲೆ ಇರಲೇಬೇಕು. ಪ್ರಿನ್ಸೆಸ್ ಸ್ಟ್ರೀಟಿನ ಸಗಟು ಅಂಗಡಿಯಿಂದ ಪೆಟ್ಟಿಗೆಯಲ್ಲಿ ಹೊರಟ ಸ್ಟ್ರಿಪ್ ಮೇಲೆ ಆ ಸಾಲು ಪೂರ್ತಿಯಾಗಿರುತ್ತದೆ. ಸ್ಟೇಷನ್ ಬದಿಯ ಮೆಡಿಕಲ್‌ನಲ್ಲಿ ‘ಎರಡು ಅಲರ್ಜಿ ಮಾತ್ರೆ ಕೊಡಿ’ ಎಂದು ಕೇಳಿದವನಿಗೆ ಅಂಗಡಿಯವನು ಕತ್ತರಿಯಿಂದ ಎರಡನ್ನು ಕತ್ತರಿಸಿ ಕೊಡುತ್ತಾನೆ. ಔಷಧದ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ತಾರೀಕು ಇನ್ನೊಂದರಲ್ಲಿ ಉಳಿಯುತ್ತದೆ. ಎಚ್ಚರಿಕೆಯ ಸಾಲು ನಡುವೆ ತುಂಡಾಗುತ್ತದೆ.